ಕರಡು ಬರೆಯುವ ಕೆಲಸ

ಉಡುಪಿ

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರ ತಲುಪಿತು. ತಹಶೀಲ್ದಾರನಾಗಿ ತಾಲೂಕಿಗೆ ಹೋಗುವ ಮೊದಲು ನಿನ್ನನ್ನು ಕಚೇರಿಯಲ್ಲಿ ಕೂರಿಸಿ ಟಿಪ್ಪಣಿ, ಕರಡು ಬರೆಸುತ್ತಿದ್ದಾರೆಂದೂ, ಇದು ಗುಮಾಸ್ತರ ಕೆಲಸವಲ್ಲವೇ ಎಂದೂ ಕೇಳಿದ್ದೀಯ. ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದ ನನಗೆ ಆ ಮಾತು ಸ್ವಲ್ಪ ಚುಚ್ಚಿತು. ಆದರೂ ನನ್ನ ಅನುಭವವನ್ನು ಹೇರುವುದಕ್ಕಿಂತ, ನನಗಿಂತ ಬಹಳ ದೊಡ್ಡ ಗುಮಾಸ್ತರೊಬ್ಬರ ಕೆಲಸವನ್ನು ನಿನ್ನ ಮುಂದಿಡುವುದು ಮೇಲು. ಸ್ವಾತಂತ್ರ್ಯದ ಹೊತ್ತಿಗೆ ಅರಸರ ಸಂಸ್ಥಾನಗಳನ್ನು ಭಾರತಕ್ಕೆ ಸೇರಿಸುವ ಕೆಲಸ ಮಾಡಿದ ವಿ. ಪಿ. ಮೆನನ್ ಅವರ ಹೆಸರನ್ನು ನೀನು ಪರೀಕ್ಷೆಗೆ ಓದಿರುತ್ತೀಯ. ಅವರ ಕೆಲಸವನ್ನು ಅಷ್ಟಾಗಿ ಗಮನಿಸಿರಲಾರೆ.

ಮಂಗಳೂರಿನಿಂದ ಮದ್ರಾಸಿಗೆ ಹೋಗುವ ರೈಲು ಶೋರನೂರು ದಾಟಿದ ಮೇಲೆ ಒಟ್ಟಪಾಲಂ ಸಿಗುತ್ತದೆ. ಅವರು 1893ರಲ್ಲಿ ಹುಟ್ಟಿದ್ದು ಅಲ್ಲಿ. ಆಗ ನಮ್ಮ ದಕ್ಷಿಣ ಕನ್ನಡವೂ ಅವರ ಮಲಬಾರೂ ಒಂದೇ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳು. ಐಸಿಎಸ್ ಪಾಸು ಮಾಡಿದವರಲ್ಲ. 1914ರಲ್ಲಿ ಸಿಮ್ಲಾದ ಗೃಹ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿ, ಸಂವಿಧಾನ ಸುಧಾರಣೆಗಳ ಕಚೇರಿಯಲ್ಲಿ ವರ್ಷಗಟ್ಟಲೆ ಕಡತಗಳ ನಡುವೆ ಬೆಳೆದು, 1942ರಲ್ಲಿ ಅದೇ ಕಚೇರಿಯ ಕಮಿಷನರ್ ಆದವರು. ನಮ್ಮ ಜಿಲ್ಲೆ 1799ರಿಂದಲೂ ನೇರವಾಗಿ ಇಂಗ್ಲಿಷರ ಕೈಯಲ್ಲಿದ್ದುದರಿಂದ ಸಂಸ್ಥಾನಗಳ ವಿಲೀನವೆಂದರೆ ಬೇರೆ ಯಾರದೋ ಮನೆಯ ಕಥೆಯೆಂಬಂತೆ ನಾವು ಕೇಳುತ್ತೇವೆ. ಆದರೆ 1956ರಲ್ಲಿ ನಾವು ಸೇರಿದ ಮೈಸೂರು ರಾಜ್ಯದೊಳಗೆ ಹಳೆಯ ಮೈಸೂರು, ಹೈದರಾಬಾದಿನ ಕನ್ನಡ ಜಿಲ್ಲೆಗಳು, ಸಂಡೂರು, ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ಎಲ್ಲವೂ ಇದ್ದವು. ಅರಸರ ಕೈಯಿಂದ ಅವು ಮೊದಲೇ ಬಿಡುಗಡೆಯಾಗಿರದಿದ್ದರೆ ಏಕೀಕರಣದ ಮಾತನ್ನು ಎಲ್ಲಿಂದ ಆರಂಭಿಸುವುದಿತ್ತು?

ಇನ್ನು ಕೆಲಸದ ವಿಷಯ. ಬ್ರಿಟಿಷರು ಹೊರಡುವಾಗ ಸಂಸ್ಥಾನಗಳ ಮೇಲಿನ ತಮ್ಮ ಪರಮಾಧಿಕಾರವನ್ನು ಭಾರತಕ್ಕೆ ವಹಿಸಿಕೊಡಲಿಲ್ಲ. ಅದು ಸುಮ್ಮನೆ ರದ್ದಾಯಿತು. ಐದುನೂರಕ್ಕೂ ಮಿಕ್ಕಿದ ಅರಸರು ಕಾನೂನಿನ ಪ್ರಕಾರ ಯಾರಿಗೂ ಕಟ್ಟುಬೀಳದವರಾಗಲಿದ್ದರು, ಅವರ ನೆಲದ ನಡುವೆಯೇ ನಮ್ಮ ರೈಲು ಮತ್ತು ಅಂಚೆ ಹಾದುಹೋಗುತ್ತಿದ್ದವು. 1947ರ ಜುಲೈ 5ರಂದು ಸಂಸ್ಥಾನಗಳ ಇಲಾಖೆ ಆರಂಭವಾದಾಗ ಸರ್ದಾರ್ ಪಟೇಲರು ಮಂತ್ರಿ, ಮೆನನ್ ಕಾರ್ಯದರ್ಶಿ. ಕೈಯಲ್ಲಿದ್ದದ್ದು ಆರೇ ವಾರ.

ಆ ಆರು ವಾರಗಳಲ್ಲಿ ಅರಸರ ಮುಂದಿಟ್ಟ ಸೇರ್ಪಡೆ ಪತ್ರವನ್ನು, ಅಂದರೆ ಭಾರತಕ್ಕೆ ಸೇರುತ್ತೇನೆಂದು ಅವರು ಸಹಿ ಹಾಕಬೇಕಿದ್ದ ಕಾಗದವನ್ನು, ನಿಧಾನವಾಗಿ ನೋಡು. ಹೆಸರೂ ಕಲ್ಪನೆಯೂ ಹೊಸತಲ್ಲ. 1935ರ ಕಾಯಿದೆಯ ಒಕ್ಕೂಟಕ್ಕಾಗಿ ಅಂಥದೇ ಪತ್ರವನ್ನು ಮಾಡಿದ್ದರು. ಯಾವ ವಿಷಯ ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಅರಸರೊಡನೆ ವರ್ಷಗಟ್ಟಲೆ ಚೌಕಾಶಿ ನಡೆದು, ಒಕ್ಕೂಟ ಹುಟ್ಟುವ ಮೊದಲೇ ಸತ್ತುಹೋಗಿತ್ತು. ಆ ಸೋಲಿನ ಕಡತ ಮೆನನ್‌ರಿಗೆ ಬಾಯಿಪಾಠವಾಗಿತ್ತು. ಆದ್ದರಿಂದ ಈ ಸಲ ಕೇಳಿದ್ದು ಮೂರನ್ನು ಮಾತ್ರ: ರಕ್ಷಣೆ, ವಿದೇಶಾಂಗ, ಸಂಪರ್ಕ. ರಕ್ಷಣೆ ಮತ್ತು ವಿದೇಶಾಂಗ ಬ್ರಿಟಿಷರ ಕಾಲದಲ್ಲಿಯೂ ಅರಸರ ಕೈಯಲ್ಲಿರಲಿಲ್ಲ. ಕೈಯಲ್ಲಿ ಇಲ್ಲದ್ದನ್ನು ಬಿಟ್ಟುಕೊಡುವುದಕ್ಕೆ ಯಾರು ತಾನೇ ಹಟ ಹಿಡಿಯುತ್ತಾರೆ? ಮುಂದೆ ಬರುವ ಸಂವಿಧಾನವನ್ನು ಒಪ್ಪಲೇಬೇಕೆಂಬ ಕಟ್ಟು ಈ ಪತ್ರದಿಂದ ಉಂಟಾಗದು ಎಂದು ಏಳನೆಯ ಕಲಮು, ತಮ್ಮ ರಾಜ್ಯದ ಮೇಲಿನ ಪ್ರಭುತ್ವಕ್ಕೆ ಇದರಿಂದ ಬಾಧಕವಿಲ್ಲ ಎಂದು ಎಂಟನೆಯದು. ಎಲ್ಲರಿಗೂ ಒಂದೇ ನಮೂನೆಯನ್ನೂ ಕಳುಹಿಸಲಿಲ್ಲ: ಪೂರ್ಣ ಅಧಿಕಾರವುಳ್ಳ ಸಂಸ್ಥಾನಗಳಿಗೆ ಒಂದು, ನಡುವಿನವರಿಗೆ ಒಂದು, ಕಾಠಿಯಾವಾಡ–ಗುಜರಾತಿನ ಪುಟ್ಟ ತಾಲೂಕುದಾರರಿಗೆ ಇನ್ನೊಂದು. ಜುಲೈ 25ರಂದು ಮೌಂಟ್‌ಬ್ಯಾಟನ್ ಅರಸರ ಸಭೆಯಲ್ಲಿ ಮಾಡಿದ ಭಾಷಣದ ಬಲವೂ, ಪಟೇಲರ ಗಾಂಭೀರ್ಯವೂ, ಪ್ರಜೆಗಳ ಚಳವಳಿಯ ಒತ್ತಡವೂ ಇಲ್ಲದೆ ಕೇವಲ ಕಾಗದದಿಂದ ಇದು ಆಗುತ್ತಿರಲಿಲ್ಲ, ನಿಜ. ಆದರೆ ಮನಸ್ಸು ಅರ್ಧ ಸೋತ ಅರಸನ ಮುಂದೆ ಆ ಗಳಿಗೆಯಲ್ಲಿ ಸಹಿ ಹಾಕಬಹುದಾದ ಕಾಗದವೊಂದು ಇರಲೇಬೇಕಿತ್ತು. ಮೈಸೂರಿನ ಸಹಿ ಆಗಸ್ಟ್ 15ಕ್ಕೆ ಮೊದಲೇ ಬಂತು. ಜುನಾಗಢ, ಕಾಶ್ಮೀರ, ಹೈದರಾಬಾದುಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲರದೂ. ಆ ಮೂರರ ಕಥೆ ನಿನಗೆ ಗೊತ್ತೇ ಇದೆ.

ಜೋಧಪುರದ ಯುವ ಮಹಾರಾಜ ಪೆನ್ನಿನಂಥ ಪಿಸ್ತೂಲನ್ನು ಮೆನನ್‌ರತ್ತ ಗುರಿಯಿಟ್ಟ ಕಥೆಯನ್ನು ಎಲ್ಲರೂ ಚಪ್ಪರಿಸಿ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದಕ್ಕೆ ಮೊದಲು ನಡೆದ ಮಾತುಕತೆ. ಪಾಕಿಸ್ತಾನಕ್ಕೆ ಸೇರುವುದಾದರೆ ಬೇಕಾದ ಷರತ್ತು ಬರೆದುಕೊಳ್ಳಿ ಎಂದು ಜಿನ್ನಾ ಅವರು ಮಹಾರಾಜನಿಗೆ ಖಾಲಿ ಹಾಳೆಗೆ ಸಹಿ ಮಾಡಿ ಕೊಡಲು ಸಿದ್ಧರಿದ್ದಾಗ, ಬರಗಾಲದ ಜಿಲ್ಲೆಗಳಿಗೆ ಧಾನ್ಯ, ಕಚ್ಛದ ಬಂದರಿಗೆ ರೈಲು ಮಾರ್ಗ ಎಂಬಂಥ ಅವನ ಬೇಡಿಕೆಗಳನ್ನು ಭಾರತದ ಕಡೆಯವರು ಒಪ್ಪಿಕೊಂಡರು. ಎದುರಿನವನಿಗೆ ನಿಜವಾಗಿ ಬೇಕಾದದ್ದೇನೆಂದು ತಿಳಿಯುವುದು ಕಷ್ಟದ ವಿದ್ಯೆ. 1974ರ ಭೂಸುಧಾರಣೆಯ ನಂತರ ಉಳುವ ಭೂಮಿಯ ಹಕ್ಕು ಕೋರಿ ಗೇಣಿದಾರರು ಸಲ್ಲಿಸಿದ ಫಾರಂ ಏಳರ ಅರ್ಜಿಗಳು ಕಚೇರಿಯಲ್ಲಿ ರಾಶಿ ಬಿದ್ದಿದ್ದ ದಿನಗಳಲ್ಲಿ ನಾನು ಅದನ್ನು ದೂರದಿಂದಾದರೂ ಕಂಡೆ: ಗದ್ದೆಯನ್ನೇ ಬಿಟ್ಟ ಧಣಿಗಳಲ್ಲಿ ಕೆಲವರು ಜಗಳವಾಡಿದ್ದು ಮನೆಯೆದುರಿನ ಬಾವಿಗೆ, ನಾಗಬನಕ್ಕೆ ಹೋಗುವ ದಾರಿಗೆ. ಅದನ್ನು ಮೊದಲೇ ಕೇಳಿ ತಿಳಿದ ಅಧಿಕಾರಿಯ ವಿಚಾರಣೆ ಬೇಗ ಮುಗಿಯುತ್ತಿತ್ತು.

ವಿಲೀನದ ಎರಡನೆಯ ಹಂತದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಆಗಸ್ಟಿನಲ್ಲಿ ಮೂರೇ ವಿಷಯ ಸಾಕು ಎಂದ ಇಲಾಖೆ ಡಿಸೆಂಬರಿನಲ್ಲಿ ಕಟಕ್‌ಗೆ ಹೋಗಿ ಒರಿಸ್ಸಾದ ಅರಸರಿಂದ ಇಡೀ ಆಡಳಿತವನ್ನೇ ಪಡೆಯಿತು. 1948ರ ಫೆಬ್ರವರಿಯಲ್ಲಿ ಕಾಠಿಯಾವಾಡದ ಸಂಸ್ಥಾನಗಳು ಒಂದುಗೂಡಿ ಸೌರಾಷ್ಟ್ರ ರೂಪುಗೊಂಡಿತು. ಪ್ರಜೆಗಳ ಹಿತ ಇದರಲ್ಲಿಯೇ ಇತ್ತು, ಸಂದೇಹವಿಲ್ಲ. ಸಣ್ಣ ಸಂಸ್ಥಾನಗಳಲ್ಲಿ ಜನ ರೊಚ್ಚಿಗೆದ್ದಿದ್ದರು, ಬಹಳಷ್ಟಕ್ಕೆ ಆಡಳಿತ ನಡೆಸುವ ಆದಾಯವೂ ಇರಲಿಲ್ಲ. ಆದರೂ ಏಳು, ಎಂಟನೆಯ ಕಲಮುಗಳ ಮಸಿ ಆರುವ ಮೊದಲೇ ಎಂಬ ಮಾತನ್ನು ಆ ಅರಸರು ಆಡಿದ್ದರೆ ಅದಕ್ಕೆ ಸುಲಭದ ಉತ್ತರವಿರಲಿಲ್ಲ.

ಆ ಉತ್ತರದ ಸ್ಥಾನದಲ್ಲಿ ಬಂದದ್ದು ರಾಜಧನ, ಅಂದರೆ ಆಡಳಿತ ಬಿಟ್ಟ ಅರಸರಿಗೆ ಸರ್ಕಾರ ವರ್ಷವರ್ಷ ಕೊಡುತ್ತಿದ್ದ ಹಣ. ಒರಿಸ್ಸಾದ ಸಂಸ್ಥಾನಗಳಿಗೆ ಹಾಕಿದ ಲೆಕ್ಕ ಹೀಗಿತ್ತು: ವಾರ್ಷಿಕ ಆದಾಯದ ಮೊದಲ ಲಕ್ಷಕ್ಕೆ ಶೇ. 15, ನಂತರದ ನಾಲ್ಕು ಲಕ್ಷಕ್ಕೆ ಶೇ. 10, ಐದು ಲಕ್ಷ ಮೀರಿದ್ದಕ್ಕೆ ಶೇ. 7.5, ಒಟ್ಟಿನಲ್ಲಿ 10 ಲಕ್ಷ ಮೀರಬಾರದು. ಆರು ಲಕ್ಷದ ಸಂಸ್ಥಾನಕ್ಕೆ 15,000, 40,000, 7,500 ಸೇರಿ 62,500 ರೂಪಾಯಿ. ದೊಡ್ಡ ಸಂಸ್ಥಾನಗಳಿಗೆ ಇದಕ್ಕಿಂತ ಹೆಚ್ಚು ಕೊಟ್ಟರು. ಮೈಸೂರಿಗೆ 26 ಲಕ್ಷ. ಆಡಳಿತವನ್ನೇ ಬಿಟ್ಟವರಿಗೆ ಇದು ದುಬಾರಿಯೆಂದು ನನಗನಿಸದು. ರಾಜಧನ ಕೊಡುವ ಈ ಮಾತನ್ನು ಸಂವಿಧಾನದ 291ನೆಯ ವಿಧಿಯಲ್ಲಿ ಬರೆದರು. 1971ರಲ್ಲಿ 26ನೆಯ ತಿದ್ದುಪಡಿಯಿಂದ ತೆಗೆದುಹಾಕಿದರು. ಮೆನನ್ 1965ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಿದ್ದರಿಂದ ಅದನ್ನು ನೋಡಲಿಲ್ಲ. ರಾಜಧನ ಶಾಶ್ವತವಾಗಿರಬೇಕಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಸರ್ಕಾರದ ಪರವಾಗಿ ಮಾತು ಕೊಡುವವನು ಅದನ್ನು ಉಳಿಸಿಕೊಳ್ಳುವ ಹೊತ್ತಿಗೆ ಕುರ್ಚಿಯಲ್ಲಿರುವುದಿಲ್ಲ. ಹಾಗಾಗಿ ನೀನು ಬರೆಯುವ ಕರಡಿನಲ್ಲಿ 'ಪರಿಶೀಲಿಸಲಾಗುವುದು' ಎಂದಿರಬೇಕಾದಲ್ಲಿ 'ನೀಡಲಾಗುವುದು' ಎಂದು ಉದಾರನಾಗಬೇಡ. ಅರ್ಜಿದಾರ ಆ ಕಾಗದವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, ಇಪ್ಪತ್ತು ವರ್ಷದ ಮೇಲೆ ಮಗನ ಕೈಯಲ್ಲಿ ಕಳುಹಿಸಿಕೊಡುತ್ತಾನೆ.

ಇನ್ನೊಂದು ವಿಷಯ. ಮೇಲಧಿಕಾರಿಗೆ ಹಿಡಿಸದ ಟಿಪ್ಪಣಿ ಬರೆಯಬಹುದೇ ಎಂದೂ ಕೇಳಿದ್ದೀಯ. ಬರೆಯಲೇಬೇಕು. ಅಧಿಕಾರಿಗಳಿಗೆ ನಿರ್ಭಯವಾಗಿ ಅಭಿಪ್ರಾಯ ಹೇಳುವ ಸ್ವಾತಂತ್ರ್ಯ ಇಲ್ಲದಿದ್ದರೆ ಒಂದಾದ ಭಾರತವೂ ಉಳಿಯದೆಂದು ಸಂವಿಧಾನ ಸಭೆಯಲ್ಲಿ 1949ರ ಅಕ್ಟೋಬರಿನಲ್ಲಿ ವಾದಿಸಿದವರು ಪಟೇಲರೇ. ಆ ಸಭೆಗೆ ಸಲಹೆಗಾರರಾಗಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾಯರು ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಆದ್ದರಿಂದ ಈ ಊರಿನ ಹುಡುಗನೊಬ್ಬ ಕರಡು ಬರೆಯುವುದನ್ನು ಕೀಳೆಂದರೆ ನನಗೆ ನಗು ಬರುತ್ತದೆ.

ಭಾರತ ಸರ್ಕಾರ 1950ರಲ್ಲಿ ಪ್ರಕಟಿಸಿದ ದೇಶೀಯ ಸಂಸ್ಥಾನಗಳ ಶ್ವೇತಪತ್ರವನ್ನು ಗ್ರಂಥಾಲಯದಲ್ಲಿ ಕೇಳು. ಅನುಬಂಧದಲ್ಲಿ ಸೇರ್ಪಡೆ ಪತ್ರದ ನಮೂನೆ ಇದೆ, ಒಂಬತ್ತೇ ಕಲಮುಗಳು. ಪ್ರತಿಯೊಂದನ್ನೂ ಕೈಯಾರೆ ನಕಲು ಮಾಡಿ, ಅದರಿಂದ ಅರಸನ ಯಾವ ಭಯ ದೂರವಾಗುತ್ತದೆ, ಸರ್ಕಾರಕ್ಕೆ ಯಾವ ಹೊಣೆ ಅಂಟಿಕೊಳ್ಳುತ್ತದೆ ಎಂದು ಪಕ್ಕದಲ್ಲಿ ಬರೆದು ನನಗೆ ಕಳುಹಿಸು. ತಿದ್ದಿ ಮರಳಿಸುತ್ತೇನೆ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ