ಸಿನಿಮಾದಿಂದ ಹುಟ್ಟಿದ ಕಾದಂಬರಿಗಳಿಗೂ ವಿಮರ್ಶೆಯ ಪುಟದಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಪುಸ್ತಕ ವಿಮರ್ಶೆಯನ್ನು ತಪ್ಪದೆ ಓದುವವನು ನಾನು. ಅಲ್ಲಿ ವಿಜ್ಞಾನ ಕಥೆಗಳ ಬಗ್ಗೆ ಆಗೀಗ ಒಳ್ಳೆಯ ಬರಹಗಳು ಬರುತ್ತವೆ. ಆದರೆ ಸಿನಿಮಾ ಸರಣಿಯೊಂದರ ಹೆಸರು ಹೊತ್ತು ಬರುವ ಕಾದಂಬರಿಗಳ ಮಾತು ಅಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಕನ್ನಡದಲ್ಲಿ ನಮಗೆ ರೂಢಿಯಾಗಿರುವುದು ಮೊದಲು ಕಾದಂಬರಿ, ಆಮೇಲೆ ಸಿನಿಮಾ, ತ.ರಾ.ಸು. ಅವರ ಮೂರು ಕಾದಂಬರಿಗಳು ಸೇರಿ 1972ರಲ್ಲಿ ‘ನಾಗರಹಾವು’ ಆದದ್ದು ಎಲ್ಲರಿಗೂ ತಿಳಿದ ಸಂಗತಿ. ತೆರೆಯಿಂದ ಪುಸ್ತಕಕ್ಕೆ ಬಂದ ಕಥೆಯನ್ನು ಬರಿಯ ಮಾರಾಟದ ಸರಕೆಂದು ನಾವು ಬದಿಗೆ ಸರಿಸುವುದಕ್ಕೆ ಇದೇ ಕಾರಣವಿರಬಹುದು. ಅಂತರಿಕ್ಷದ ಯುದ್ಧಗಳ ಕಥೆ ಹೇಳುವ ‘ಸ್ಟಾರ್ ವಾರ್ಸ್’ ಎಂಬ ಹಾಲಿವುಡ್ ಸಿನಿಮಾ ಸರಣಿಯ ಹೆಸರಿನಲ್ಲಿ ದೊಡ್ಡವರಿಗಾಗಿ ಬಂದ ಕಾದಂಬರಿಗಳನ್ನೆಲ್ಲ ಪ್ರಕಟವಾದ ಕ್ರಮದಲ್ಲೇ ಓದುತ್ತ, ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಬರೆದಿಡುತ್ತ ಬಂದಿರುವ ನನಗೆ ಈ ಉಪೇಕ್ಷೆ ನ್ಯಾಯವೆನಿಸುವುದಿಲ್ಲ.

ಅಂಕ ಕೊಡುವುದಕ್ಕೆ ನಾನು ಇಟ್ಟುಕೊಂಡ ಅಳತೆ ಸರಳವಾದದ್ದು. ಸಿನಿಮಾ ಮಾಡಲಾಗದ ಯಾವ ಕೆಲಸವನ್ನು ಈ ಪುಸ್ತಕ ಮಾಡಿದೆ ಎಂಬುದೇ ಮುಖ್ಯ ಪ್ರಶ್ನೆ. ಕಥೆ ಮುಗಿಯುವ ಹೊತ್ತಿಗೆ ಯಾರ ಬದುಕಿನಲ್ಲಾದರೂ ಏನಾದರೂ ಬದಲಾಯಿತೇ, ಇಲ್ಲವೇ ಎಲ್ಲರೂ ಹೊರಟಲ್ಲಿಗೇ ಬಂದು ನಿಂತರೇ ಎಂಬುದು ಅದರ ಬೆನ್ನಿಗೇ ಬರುತ್ತದೆ. ಭಾಷೆಯ ಸೊಗಸಿಗೆ ಬೇರೆ ಅಂಕವಿಲ್ಲ. ಈ ಎರಡು ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದ ಪುಸ್ತಕದಲ್ಲಿ ಅದು ತಾನಾಗಿ ಇರುತ್ತದೆ.

ಮೊದಲ ಸಿನಿಮಾ ತೆರೆಕಂಡದ್ದು 1977ರ ಮೇ ತಿಂಗಳಲ್ಲಿ. ಅದರ ಕಾದಂಬರಿ ರೂಪ 1976ರ ಕೊನೆಗೇ ಹೊರಬಂದಿತ್ತು. ಮುಖಪುಟದಲ್ಲಿದ್ದದ್ದು ಸಿನಿಮಾದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹೆಸರು, ಬರೆದವರು ಅಲನ್ ಡೀನ್ ಫಾಸ್ಟರ್. ಅದೇ ಫಾಸ್ಟರ್ 1978ರಲ್ಲಿ ಬರೆದ ‘ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ’ ಈ ಸರಣಿಯ ಮೊದಲ ಸ್ವತಂತ್ರ ಕಾದಂಬರಿ. ಸಿನಿಮಾ ಅಷ್ಟಾಗಿ ಓಡದಿದ್ದರೆ ಕಡಿಮೆ ಖರ್ಚಿನಲ್ಲಿ ಎರಡನೆಯದನ್ನು ಮಾಡಲು ಅನುಕೂಲವಾಗಲೆಂದು ಕಥೆಯನ್ನೆಲ್ಲ ಮಂಜು ಮುಸುಕಿದ ಒಂದೇ ಗ್ರಹದ ಮೇಲೆ ನಡೆಸಲಾಗಿದೆ. ಆ ಕಟ್ಟುಪಾಡು ಓದುವಾಗ ಗೊತ್ತಾಗುತ್ತದೆ, ಆದರೂ ಕೆಸರು, ಮಂಜುಗಳ ನಡುವಿನ ಅಲೆದಾಟ ಚೆನ್ನಾಗಿದೆ. ನಾನು ಕೊಟ್ಟದ್ದು ಆರು.

ಒಂಬತ್ತು ಸಿಕ್ಕಿದ್ದು ತಿಮೋತಿ ಝಾನ್ ಅವರ ‘ಏರ್ ಟು ದಿ ಎಂಪೈರ್’ಗೆ. 1983ರ ಸಿನಿಮಾದ ನಂತರ ಸರಣಿಯ ಸದ್ದಡಗಿ ಎಂಟು ವರ್ಷಗಳಾಗಿದ್ದಾಗ, 1991ರಲ್ಲಿ, ಬಂದ ಪುಸ್ತಕವಿದು. ಇದರಲ್ಲಿ ಬರುವ ಥ್ರಾನ್ ಎಂಬ ಸೇನಾನಿ ಶತ್ರು ಜನಾಂಗದ ಚಿತ್ರ, ಶಿಲ್ಪಗಳನ್ನು ಗಂಟೆಗಟ್ಟಲೆ ನೋಡುತ್ತ ಕುಳಿತು, ಅವರು ಯುದ್ಧದಲ್ಲಿ ಎಲ್ಲಿ ಎಡವುತ್ತಾರೆಂದು ಲೆಕ್ಕ ಹಾಕುತ್ತಾನೆ. ಕುಳಿತು ಯೋಚಿಸುವವನನ್ನು ಖಳನಾಯಕನನ್ನಾಗಿ ಮಾಡಿ ಓದುಗನಲ್ಲಿ ಭಯ ಹುಟ್ಟಿಸುವುದು ಕಾದಂಬರಿಗೆ ಒಲಿಯುವ ಕೆಲಸ. ಕಥೆಯ ನಕ್ಷತ್ರಲೋಕದ ರಾಜಧಾನಿಯಾದ ಗ್ರಹಕ್ಕೆ ಈ ಪುಸ್ತಕ ಇಟ್ಟ ‘ಕೊರುಸಾಂಟ್’ ಎಂಬ ಹೆಸರನ್ನೇ 1999ರ ಸಿನಿಮಾ ಬಳಸಿಕೊಂಡಿತು. ಪುಸ್ತಕಗಳು ಸಿನಿಮಾದಿಂದ ಸಾಲ ಪಡೆಯುತ್ತವೆ ಎನ್ನುವವರು ಈ ವಾಪಸಾತಿಯನ್ನೂ ಗಮನಿಸಬೇಕು.

ಕಳಪೆ ಪುಸ್ತಕಗಳೂ ಧಾರಾಳವಾಗಿವೆ. ಝಾನ್ ಗೆಲುವಿನ ನಂತರದ ವರ್ಷಗಳಲ್ಲಿ ಬಂದ ಎಷ್ಟೋ ಕಾದಂಬರಿಗಳಲ್ಲಿ ಹಿಂದಿನದಕ್ಕಿಂತ ದೊಡ್ಡ ಮಾರಕಾಸ್ತ್ರ ಬಿಟ್ಟರೆ ಬೇರೆ ಕಲ್ಪನೆಯಿಲ್ಲ. ಕೆವಿನ್ ಜೆ. ಆ್ಯಂಡರ್ಸನ್ 1994ರ ಮೂರು ಸಂಪುಟಗಳಲ್ಲಿ ನಕ್ಷತ್ರವನ್ನೇ ಸಿಡಿಸುವ ಸಣ್ಣ ನೌಕೆಯನ್ನು ತಂದರು. ಸೂರ್ಯರು ಸತ್ತರೂ ಅದರ ಬಿಸಿ ಯಾರಿಗೂ ತಟ್ಟುವುದಿಲ್ಲ. ನಾಲ್ಕಕ್ಕಿಂತ ಹೆಚ್ಚು ಕೊಡಲು ನನಗೆ ಮನಸ್ಸಾಗಲಿಲ್ಲ.

ಇದಕ್ಕೆ ಎದುರಾಗಿ 2007ರಲ್ಲಿ ಮೈಕೆಲ್ ರೀವ್ಸ್ ಮತ್ತು ಸ್ಟೀವ್ ಪೆರಿ ಬರೆದ ‘ಡೆತ್ ಸ್ಟಾರ್’ ಅನ್ನು ಇಡಬೇಕು. ಮೊದಲ ಸಿನಿಮಾದಲ್ಲಿದ್ದ, ಗ್ರಹಗಳನ್ನೇ ನಾಶಮಾಡುವ ತೋಪು ಹೊತ್ತ ಬಾಹ್ಯಾಕಾಶ ನೆಲೆ ‘ಡೆತ್ ಸ್ಟಾರ್’ ಎಂಬ ಅದೇ ಹಳೆಯ ಮಾರಕಾಸ್ತ್ರದ ಕಥೆ, ಆದರೆ ಅದರೊಳಗೆ ದುಡಿಯುವವರ ಕಣ್ಣಿನಿಂದ: ವೈದ್ಯ, ಗ್ರಂಥಪಾಲಕ, ಮದ್ಯದಂಗಡಿಯಾಕೆ, ಕೈದಿ, ಮತ್ತು ಆ ತೋಪನ್ನು ಹಾರಿಸುವ ಟೆನ್ ಗ್ರಾನೀಟ್ ಎಂಬ ಗೋಲಂದಾಜ. ಆಜ್ಞೆ ಬಂತೆಂದು ಹಿಡಿ ಎಳೆದು ಇಡೀ ಗ್ರಹಗಳನ್ನೇ ಕೊಂದವನಿಗೆ ಆಮೇಲೆ ನಿದ್ದೆ ಬರುವುದಿಲ್ಲ. 1977ರ ಸಿನಿಮಾದ ಕೊನೆಯಲ್ಲಿ ತೋಪು ಸಿಡಿಯುವ ಮುನ್ನ ‘ಸ್ಟ್ಯಾಂಡ್ ಬೈ’ ಎಂದು ಹೇಳುವ ದನಿಯೊಂದು ಕೇಳಿಸುತ್ತದೆ, ಅಷ್ಟರಲ್ಲಿ ನೆಲೆಯೇ ಸ್ಫೋಟಗೊಳ್ಳುತ್ತದೆ. ಆ ಕ್ಷಣಗಳ ವಿಳಂಬಕ್ಕೆ ಈ ಕಾದಂಬರಿ ಕಾರಣ ಕೊಡುತ್ತದೆ: ಗ್ರಾನೀಟ್‌ಗೆ ಮತ್ತೊಮ್ಮೆ ಕೈ ಬರಲಿಲ್ಲ, ಅವನು ಬೇಕೆಂದೇ ಹೊತ್ತು ತಳ್ಳುತ್ತಿದ್ದ. ಮೂವತ್ತು ವರ್ಷ ಯಾರ ಗಮನಕ್ಕೂ ಬಾರದೆ ಬಿದ್ದಿದ್ದ ಒಂದು ಮಾತಿನೊಳಗೆ ಮನುಷ್ಯನೊಬ್ಬನನ್ನು ಕಂಡ ಈ ಲೇಖಕರಿಗೆ ನಾನು ಎಂಟೂವರೆ ಕೊಟ್ಟಿದ್ದೇನೆ. ಅದನ್ನು ಓದಿದ ಮೇಲೆ ಆ ದೃಶ್ಯವನ್ನು ಮೊದಲಿನಂತೆ ಚಪ್ಪಾಳೆ ತಟ್ಟಿ ನೋಡಲು ನನ್ನಿಂದ ಸಾಧ್ಯವಾಗಿಲ್ಲ.

ಈ ಪುಸ್ತಕಗಳನ್ನು ಓದುವುದೇ ವ್ಯರ್ಥವೆನ್ನಲು ಕೆಲವರು ಕೊಡುವ ಇನ್ನೊಂದು ಕಾರಣ, 2014ರ ಏಪ್ರಿಲ್‌ನಲ್ಲಿ ಈ ಸಿನಿಮಾಗಳ ನಿರ್ಮಾಣ ಸಂಸ್ಥೆಯಾದ ಲ್ಯೂಕಾಸ್‌ಫಿಲ್ಮ್ ಅದುವರೆಗಿನ ಕಾದಂಬರಿಗಳ ಕಥೆಯನ್ನು ಅಧಿಕೃತವಲ್ಲವೆಂದು ಬದಿಗಿಟ್ಟು, ‘ಲೆಜೆಂಡ್ಸ್’ ಎಂಬ ಬೇರೆ ಹೆಸರಿನ ಕೆಳಗೆ ಸೇರಿಸಿದ್ದು. 1999ರ ‘ವೆಕ್ಟರ್ ಪ್ರೈಮ್’ ಕಾದಂಬರಿಯಲ್ಲಿ ಮಡಿದಿದ್ದ, ಮೊದಲ ಸಿನಿಮಾದಿಂದಲೂ ಇದ್ದ ಮುಖ್ಯ ಪಾತ್ರ ಚ್ಯೂಬಾಕಾ 2015ರ ಸಿನಿಮಾದಲ್ಲಿ ಜೀವಂತವಾಗಿ ಓಡಾಡಿದ. ಉತ್ತರ ಕನ್ನಡದವರಾದ ನಮಗೆ ಇದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ. ವ್ಯಾಸಭಾರತದಲ್ಲಿ ಇಲ್ಲದ ಸುಧನ್ವ ಜೈಮಿನಿ ಭಾರತದಿಂದ ಬಂದು ನಮ್ಮ ಬಯಲಾಟದ ರಂಗದಲ್ಲಿ ಅರ್ಜುನನಿಗೆ ಸರಿಸಾಟಿಯಾಗಿ ನಿಂತಿದ್ದಾನೆ. ಅವನು ಮೂಲದಲ್ಲಿ ಇಲ್ಲವೆಂದು ಯಾರೂ ಆಟದ ನಡುವೆ ಎದ್ದು ಹೋಗುವುದಿಲ್ಲ. ಥ್ರಾನ್ ವಿಷಯದಲ್ಲಿ ಆದದ್ದೂ ಅದೇ. ಅಧಿಕೃತ ಪಟ್ಟಿಯಿಂದ ಹೊರಬಿದ್ದ ಅವನನ್ನು ಓದುಗರು ಮರೆಯಲಿಲ್ಲ. 2016ರಲ್ಲಿ ಆ್ಯನಿಮೇಷನ್ ಸರಣಿಗೆ ಅವನನ್ನು ಮರಳಿ ಕರೆತರಲಾಯಿತು, ಮರುವರ್ಷ ಝಾನ್ ಅವರೇ ಅವನ ಮೇಲೆ ಹೊಸ ಕಾದಂಬರಿ ಬರೆದರು. ನನ್ನ ಅಂಕಪಟ್ಟಿಯಲ್ಲಿ ಅಧಿಕೃತ, ಅನಧಿಕೃತ ಎಂಬ ಕಾಲಂ ಇಲ್ಲದಿರುವುದು ಇದಕ್ಕೇ.

ಶಿರಸಿಯಂಥ ಊರಿನಲ್ಲಿ ಈ ಪುಸ್ತಕಗಳು ಸಿಗುವುದೇ ಕಷ್ಟ. ಹುಬ್ಬಳ್ಳಿಗೆ ಹೋದಾಗ ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಬೇಕು, ಇಲ್ಲವೇ ಅಂಚೆಯಲ್ಲಿ ತರಿಸಬೇಕು. ತರಿಸಿದ್ದಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಕಾಯಬೇಕು. ನಮ್ಮ ಭಾಗದ ಗ್ರಂಥಾಲಯವೊಂದರಲ್ಲಿ ಮೂರು ಸಂಪುಟಗಳ ಕಥೆಯ ನಡುವಿನ ಸಂಪುಟ ಮಾತ್ರ ಕಪಾಟಿನಲ್ಲಿದೆ. ಅದನ್ನು ಕೈಗೆತ್ತಿಕೊಂಡ ಕಾಲೇಜು ಹುಡುಗನೊಬ್ಬ ಬುಡ ತುದಿ ತಿಳಿಯದೆ ಹಿಂತಿರುಗಿಸಿದ್ದನ್ನು ನಾನೇ ನೋಡಿದ್ದೇನೆ. ಯಾವುದರಿಂದ ಶುರುಮಾಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದು ಹೇಳುವವರು ಕನ್ನಡದಲ್ಲಿ ಇದ್ದಿದ್ದರೆ ಆ ಹುಡುಗ ಒಬ್ಬ ಓದುಗನಾಗಿ ಉಳಿಯುತ್ತಿದ್ದ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು: ತಿಂಗಳಿಗೊಮ್ಮೆಯಾದರೂ ಇಂಥ ಕಾದಂಬರಿಯೊಂದನ್ನು, ಉಳಿದ ಕಾದಂಬರಿಗಳಿಗೆ ಬಳಸುವ ಅಳತೆಯಲ್ಲೇ, ಯಾವ ರಿಯಾಯಿತಿಯೂ ಇಲ್ಲದೆ ವಿಮರ್ಶಿಸಿರಿ. ಕೆಟ್ಟದ್ದನ್ನು ಕೆಟ್ಟದ್ದೆಂದೇ ಬರೆಯಿರಿ. ಗ್ರಂಥಾಲಯಗಳು ಸರಣಿಗಳನ್ನು ಕೊಳ್ಳುವಾಗ ಮೊದಲ ಸಂಪುಟದಿಂದ ಕ್ರಮವಾಗಿ ಕೊಳ್ಳಲಿ. ಸಿನಿಮಾಗಳನ್ನು ನೋಡಿದ ಹೊಸ ಓದುಗರು ‘ಏರ್ ಟು ದಿ ಎಂಪೈರ್’ನಿಂದ ಆರಂಭಿಸಿ ಅದರ ಮುಂದಿನ ಎರಡು ಸಂಪುಟಗಳನ್ನು ಓದಬಹುದು. 1977ರ ಸಿನಿಮಾ ಒಂದನ್ನೇ ನೋಡಿದವರು ನೇರವಾಗಿ ‘ಡೆತ್ ಸ್ಟಾರ್’ ಕೈಗೆತ್ತಿಕೊಳ್ಳಬಹುದು.

ಇಂತು ತಮ್ಮ ವಿಶ್ವಾಸಿ,
ಓದುಗ, ಶಿರಸಿ