ಮಾನ್ಯ ಆರೋಗ್ಯ ಸಚಿವರೆ, ಆ ಕ್ಯಾಪ್ಸೂಲ್ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇರಲಿ

ಮಾನ್ಯರೆ, ನಮಸ್ಕಾರ.

ನಾನು ತುಂಗಭದ್ರೆ ದಂಡೆಯ ಒಂದು ಊರಿನವಳು. ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಟೀಚರ್. ಇಲ್ಲಿಯವರೆಗೆ ನಿಮ್ಮ ಇಲಾಖೆಗೆ ಮೂರು ಅರ್ಜಿ ಬರೆದಿದ್ದೇನೆ. ಮೂರಕ್ಕೂ ಒಂದೇ ಸಾಲಿನ ಉತ್ತರ ಬಂತು: 'ಸಂಬಂಧಪಟ್ಟ ಅಧಿಕಾರಿಗಳಿಗೆ ರವಾನಿಸಲಾಗಿದೆ.' ಆ ಅಧಿಕಾರಿ ಯಾರು, ಅರ್ಜಿ ಯಾವ ಮೇಜಿನ ಮೇಲಿದೆ, ಯಾರೂ ಹೇಳಲಿಲ್ಲ. ಅದಕ್ಕೇ ಈ ಸಲ ಎಲ್ಲರ ಎದುರು ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಒಂದೇ. ಒಂದು ಬಗೆಯ ಬ್ಲಡ್ ಕ್ಯಾನ್ಸರಿಗೆ ಟ್ರೆಟಿನಾಯಿನ್ ಅಂತ ಒಂದು ಕ್ಯಾಪ್ಸೂಲ್ ಇದೆ. ಡಾಕ್ಟರುಗಳು 'ಆಟ್ರಾ' ಅನ್ನುತ್ತಾರೆ. ಅದನ್ನು ರಾಜ್ಯದ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಇಡಿಸಿ.

ನನ್ನ ತಮ್ಮನಿಗೆ 34 ವರ್ಷ. ಗ್ಯಾರೇಜಿನಲ್ಲಿ ಮೆಕ್ಯಾನಿಕ್. 2023ರ ಆಗಸ್ಟ್ ತಿಂಗಳು. ವಾರದಿಂದ ಸುಸ್ತು ಅನ್ನುತ್ತಿದ್ದ. ತೊಡೆಯ ಮೇಲೆ ನೀಲಿ ಕಲೆಗಳಿದ್ದವು. ಜಾಕ್ ತಾಗಿರಬೇಕು ಬಿಡು ಅಂದಿದ್ದ. ಒಂದು ಗುರುವಾರ ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ಬಂದ ರಕ್ತ ಮಧ್ಯಾಹ್ನವಾದರೂ ನಿಲ್ಲಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ 18,000 ಇತ್ತು. ಊರ ತುಂಬಾ ಡೆಂಗಿ ಇದ್ದ ಕಾಲ. ಡೆಂಗಿ ಇರಬೇಕು ಅಂತ ಅಡ್ಮಿಟ್ ಮಾಡಿಕೊಂಡು ಡ್ರಿಪ್ ಹಾಕಿದರು. ಡೆಂಗಿ ಟೆಸ್ಟ್ ನೆಗೆಟಿವ್ ಬಂದರೂ ಮತ್ತೊಮ್ಮೆ ಮಾಡೋಣ ಅಂದರು. ಪಪ್ಪಾಯಿ ಎಲೆ ರಸ ಕೊಡಿ ಅಂದವರೂ ಇದ್ದರು. ನಾನೇ ಅರೆದು ಕುಡಿಸಿದೆ. ಶನಿವಾರ, ಭಾನುವಾರ ರಕ್ತದ ಸ್ಲೈಡ್ ನೋಡುವ ಡಾಕ್ಟರು ಇರಲಿಲ್ಲ.

ಸೋಮವಾರ ಅವರು ಬಂದು ಸ್ಲೈಡ್ ನೋಡಿದರು. ಹತ್ತು ನಿಮಿಷ ಸಾಕಾಯಿತು. ಬ್ಲಡ್ ಕ್ಯಾನ್ಸರ್ ಇರಬಹುದು, ಅದರಲ್ಲೂ ಎಪಿಎಲ್, ಅಂದರೆ ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಅನ್ನುವ ಬಗೆ ಇರಬಹುದು ಅಂದರು. ಆ ಡಾಕ್ಟರಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಇದಕ್ಕೆ ಒಂದು ಕ್ಯಾಪ್ಸೂಲ್ ಇದೆ, ಈಗಲೇ ಶುರು ಮಾಡಬೇಕು, ಆದರೆ ನಮ್ಮಲ್ಲಿ ಇಲ್ಲ ಅಂತ ಅವರೇ ಹೇಳಿದ್ದು. ಆಸ್ಪತ್ರೆ ಎದುರಿನ ಆರು ಮೆಡಿಕಲ್ ಶಾಪ್ ಸುತ್ತಿದೆ. ಐದು ಕಡೆ ಆ ಹೆಸರೇ ಕೇಳಿರಲಿಲ್ಲ. ಒಂದು ಕಡೆ, ಬೆಂಗಳೂರಿಂದ ತರಿಸಿ ಕೊಡ್ತೀವಿ, ಎರಡು ದಿನ ಆಗುತ್ತೆ ಅಂದರು.

ಎರಡು ದಿನ ಅಂದರೆ ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ಓದಿ, ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡೆ. ಅಕ್ಯೂಟ್ ಲ್ಯುಕೇಮಿಯಾ ಅಂದರೆ ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತಕಣಗಳು ಬಲಿಯದೆ ಎಳಸಾಗಿಯೇ ಉಳಿದು, ತುಂಬಿಕೊಂಡು, ಒಳ್ಳೆಯ ಕಣಗಳಿಗೆ ಜಾಗವೇ ಇಲ್ಲದ ಹಾಗೆ ಮಾಡುವ ರೋಗ. ಕೆಂಪು ಕಣ ಕಡಿಮೆಯಾಗಿ ಸುಸ್ತು, ಬಿಳಿ ಕಣ ಕೆಲಸಕ್ಕೆ ಬಾರದೆ ಜ್ವರ, ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ. ದೊಡ್ಡವರಲ್ಲಿ ಜಾಸ್ತಿ ಬರುವುದು ಅದರಲ್ಲಿ ಎಎಂಎಲ್ (ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ) ಅನ್ನುವ ಬಗೆ. ಅದಕ್ಕೆ ಸಾಮಾನ್ಯವಾಗಿ ಏಳು ದಿನ ಒಂದು ಔಷಧ, ಅದರಲ್ಲಿ ಮೂರು ದಿನ ಇನ್ನೊಂದು ಔಷಧ ಸೇರಿಸಿ ಕಿಮೋ ಕೊಡುತ್ತಾರೆ. ಆಮೇಲೆ ಮೂರು ನಾಲ್ಕು ವಾರ ಆಸ್ಪತ್ರೆವಾಸ. ಕೆಲವರಿಗೆ ಬೋನ್ ಮ್ಯಾರೋ ಕಸಿಯೂ ಬೇಕಾಗುತ್ತದೆ. ದೊಡ್ಡ ಹೋರಾಟ ಅದು.

ಆದರೆ ಎಪಿಎಲ್ ಬೇರೆ. ಎಎಂಎಲ್‌ನಲ್ಲೇ ಒಂದು ಬಗೆಯಾದರೂ ಇದನ್ನು ಗೆಲ್ಲಬಹುದು. 1980ರ ದಶಕದಲ್ಲಿ ಶಾಂಘೈನ ಡಾಕ್ಟರ್ ವಾಂಗ್ ಝೆನ್‌ಯಿ ಅವರ ತಂಡ ಈ ಕ್ಯಾಪ್ಸೂಲ್ ಕೊಟ್ಟು ನೋಡಿತು. ವಿಟಮಿನ್ ಎ ಬಳಗದ ಔಷಧ. ಕೆಟ್ಟ ಕಣವನ್ನು ಕೊಲ್ಲುವ ಬದಲು ಬಲಿಯುವಂತೆ ಮಾಡುತ್ತದೆ. ಇದರ ಜೊತೆ ಆರ್ಸೆನಿಕ್, ಅದೇ ನಾವು ಪಾಷಾಣ ಅಂತ ಹೆದರುತ್ತೇವಲ್ಲ, ಅದನ್ನು ಅಳತೆಯಲ್ಲಿ ಕೊಟ್ಟರೆ ಹೆಚ್ಚಿನವರಿಗೆ ಬೇರೆ ಕಿಮೋನೇ ಬೇಡ. 2013ರಲ್ಲಿ ಇಟಲಿ, ಜರ್ಮನಿಯ ಡಾಕ್ಟರುಗಳು ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿ ಕಣ ತೀರಾ ಏರಿರದ ರೋಗಿಗಳಲ್ಲಿ, ಎರಡು ವರ್ಷದ ಹೊತ್ತಿಗೆ ನೂರಕ್ಕೆ 97 ಜನ ರೋಗ ಮರಳದೆ ಚೆನ್ನಾಗಿದ್ದರು. ನೂರಕ್ಕೆ 97!

ಸಾಯುವವರು ಸಾಯುವುದು ಮೊದಲ ದಿನಗಳಲ್ಲಿ. ಈ ರೋಗ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಮೆದುಳಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಸುರಿಯುತ್ತದೆ. ಅದಕ್ಕೇ ವಂಶವಾಹಿ ಪರೀಕ್ಷೆಯ ರಿಪೋರ್ಟಿಗೆ ಕಾಯದೆ, ಅನುಮಾನ ಬಂದ ಕೂಡಲೇ ಕ್ಯಾಪ್ಸೂಲ್ ಶುರು ಮಾಡಿ ಅನ್ನುತ್ತವೆ ಚಿಕಿತ್ಸೆಯ ನಿಯಮಗಳು. ರಿಪೋರ್ಟಿನಲ್ಲಿ ಎಪಿಎಲ್ ಅಲ್ಲ ಅಂತ ಬಂದರೆ ನಿಲ್ಲಿಸಿದರಾಯಿತು. ಇದೆಲ್ಲ ನಿಮ್ಮ ಇಲಾಖೆಯ ತಜ್ಞರಿಗೆ ಗೊತ್ತಿಲ್ಲದ ವಿಷಯವಲ್ಲ.

ಈಗ ಮಂಗಳವಾರದ್ದು ಹೇಳುತ್ತೇನೆ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ದೊಡ್ಡ ಆಸ್ಪತ್ರೆಗೆ ಬೆಳಿಗ್ಗೆ ಹತ್ತಕ್ಕೆ ತಲುಪಿದೆವು. ರೆಫರಲ್ ಚೀಟಿಯ ಮೇಲೆ ಡಾಕ್ಟರು ಇಂಗ್ಲಿಷಿನಲ್ಲಿ 'ಎಪಿಎಲ್' ಅಂತ ಬರೆದಿದ್ದರು. ನನ್ನ ಕೈಯಲ್ಲಿ ತಮ್ಮನ ಬಿಪಿಎಲ್ ಕಾರ್ಡ್. ಕೌಂಟರಿನವರು ಎರಡನ್ನೂ ನೋಡಿ, ಇದರಲ್ಲಿ ಎಪಿಎಲ್ ಅಂತಿದೆ, ಕಾರ್ಡ್ ಬಿಪಿಎಲ್ ಇದೆ, ಸರಿ ಮಾಡಿಸಿಕೊಂಡು ಬನ್ನಿ ಅಂದರು. ಅದು ಕಾಯಿಲೆ ಹೆಸರು ಸಾರ್ ಅಂದೆ. 'ಅದೆಲ್ಲ ನಮಗೆ ಹೇಳಬೇಡಿ ಮೇಡಂ, ಎಪಿಎಲ್ ಕಾರ್ಡಿಗೆ ಪ್ಯಾಕೇಜಿನಲ್ಲಿ ಸರ್ಕಾರ ಕೊಡೋದು ಮೂವತ್ತು ಪರ್ಸೆಂಟ್ ಮಾತ್ರ' ಅಂದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಉಚಿತ ಅನ್ನುವುದು ನಿಮ್ಮದೇ ಯೋಜನೆಯ ನಿಯಮ, ಅಲ್ವಾ? ನನಗೆ ಗೊತ್ತಿತ್ತು. ಕೌಂಟರಿನವರಿಗೂ ಗೊತ್ತಿತ್ತು. ಆದರೂ ಮೂರು ಅಕ್ಷರಕ್ಕಾಗಿ ನನ್ನನ್ನು ಈ ಕಿಟಕಿಯಿಂದ ಆ ಕಿಟಕಿಗೆ, ಅಲ್ಲಿಂದ ಮೇಲಿನ ಮಹಡಿಗೆ ಓಡಾಡಿಸಿದರು. ಸಹಿ ಹಾಕಬೇಕಾದವರು ಊಟಕ್ಕೆ ಹೋಗಿದ್ದರು.

ತಮ್ಮ ಕಾರಿಡಾರಿನ ಸ್ಟ್ರೆಚರ್ ಮೇಲೆ ಮಲಗಿದ್ದ. ಬಾಯಿಗೆ ಹಿಡಿದಿದ್ದ ಬಿಳಿ ಟವೆಲ್ ಅರ್ಧ ಕೆಂಪಾಗಿತ್ತು. 'ಅಕ್ಕಾ, ಟೈಮ್ ಎಷ್ಟಾತು?' ಅಂತ ಮೂರು ಸಲ ಕೇಳಿದ. ಮೂರನೇ ಸಲ ಮೂರೂವರೆ ಆಗಿತ್ತು. ಕೊನೆಗೆ ಓದುತ್ತಿರುವ ಒಬ್ಬ ಡಾಕ್ಟರ್ ಹುಡುಗಿ ತಾನೇ ಕೆಳಗೆ ಬಂದು, ರೋಗದ ಪೂರ್ತಿ ಹೆಸರು ಬರೆದು ಸೀಲ್ ಹಾಕಿಸಿಕೊಟ್ಟಳು.

ಅಂದು ರಾತ್ರಿ ನಾಲ್ಕು ಕ್ಯಾಪ್ಸೂಲ್ ಕೊಟ್ಟರು. ಬುಧವಾರ ಬೆಳಿಗ್ಗೆ ನಾಲ್ಕು. ಗ್ಯಾರೇಜಿನ ಹುಡುಗರು ಸಾಲಾಗಿ ಬಂದು ಪ್ಲೇಟ್‌ಲೆಟ್‌ಗೆ ರಕ್ತ ಕೊಟ್ಟರು. ಮಧ್ಯಾಹ್ನ ತಲೆ ಸಿಡಿಯುತ್ತಿದೆ ಅಂದ, ವಾಂತಿ ಮಾಡಿದ, ಆಮೇಲೆ ಮಾತಾಡಲಿಲ್ಲ. ಶುಕ್ರವಾರ ಹೋಗಿಬಿಟ್ಟ. ಹತ್ತರ ಆ ಸ್ಟ್ರಿಪ್‌ನಲ್ಲಿ ಉಳಿದ ಎರಡು ಕ್ಯಾಪ್ಸೂಲ್ ನನ್ನ ಬೀರುವಿನಲ್ಲಿವೆ.

ಸೋಮವಾರವೇ ಕೊಟ್ಟಿದ್ದರೆ ಖಂಡಿತ ಬದುಕುತ್ತಿದ್ದನೇ? ಯಾವ ಡಾಕ್ಟರೂ ಹಾಗೆ ಬರೆದುಕೊಡಲಾರರು. ಆದರೆ ಇಡೀ ಒಂದು ದಿನದ ಅವಕಾಶ ಅವನಿಗೆ ಸಿಗಬೇಕಿತ್ತು. ಸಿಗಲಿಲ್ಲ.

ಇದು ಅಪರೂಪದ ರೋಗ, ಪ್ರತಿ ಜಿಲ್ಲೆಯಲ್ಲಿ ಔಷಧ ಇಟ್ಟರೆ ಅವಧಿ ಮುಗಿದು ಹಾಳಾಗುತ್ತದೆ ಅಂತ ಅಧಿಕಾರಿಯೊಬ್ಬರು ಬಾಯಿಮಾತಲ್ಲಿ ಹೇಳಿದರು. ಹಾವು ಕಡಿತದ ಇಂಜೆಕ್ಷನ್ ಇಡುವುದಿಲ್ಲವೇ ಸ್ವಾಮಿ? ಈ ತಿಂಗಳು ಎಷ್ಟು ಜನರಿಗೆ ಹಾವು ಕಡಿಯುತ್ತದೆ ಅಂತ ಲೆಕ್ಕ ಹಾಕಿ ಇಡುತ್ತೀರಾ? ಕಡಿದಾಗ ಇರಲಿ ಅಂತ ಇಡುತ್ತೀರಿ. ಇದೂ ಹಾಗೇ. ಇದಕ್ಕೆ ಫ್ರಿಡ್ಜ್ ಕೂಡ ಬೇಡ, ಬೆಳಕು ತಾಗದ ಹಾಗೆ ಇಟ್ಟರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ನಮ್ಮ ದೇಶದ ಪಟ್ಟಿಯಲ್ಲೂ ಇದೆ. ಪಟ್ಟಿಯಲ್ಲಿದ್ದು ಕಪಾಟಿನಲ್ಲಿ ಇಲ್ಲದಿದ್ದರೆ ಏನು ಪ್ರಯೋಜನ? 2025ರಲ್ಲಿ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ ಶುರು ಮಾಡಿದಿರಿ. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಅದೇ ಕಪಾಟಿನಲ್ಲಿ ಈ ಕ್ಯಾಪ್ಸೂಲಿಗೂ ಜಾಗ ಕೊಡಿ. ಡೇ ಕೇರ್ ಇಲ್ಲದ ಜಿಲ್ಲೆಗೂ ಕೊಡಿ. ಒಬ್ಬ ರೋಗಿಗೆ ಮೂರು ದಿನಕ್ಕೆ ಆಗುವಷ್ಟು ಇದ್ದರೂ ಸಾಕು. ದೊಡ್ಡ ಆಸ್ಪತ್ರೆ ತಲುಪುವವರೆಗೆ ಅದು ರೋಗಿಯನ್ನು ಕಾಯುತ್ತದೆ. ಭಾನುವಾರವೂ ಸ್ಲೈಡ್ ನೋಡುವವರು ಬೇಕು ಅಂತಲೂ ಕೇಳುತ್ತೇನೆ, ಆದರೆ ಅದಕ್ಕೆ ನೇಮಕಾತಿ, ಹಣಕಾಸು ಇಲಾಖೆ ಅನ್ನುತ್ತೀರಿ. ಕ್ಯಾಪ್ಸೂಲಿಗೆ ಅದ್ಯಾವುದೂ ಬೇಡ. ಕ್ಯಾಪ್ಸೂಲ್ ಇಡಿಸಿ.

ದಯವಿಟ್ಟು ಈ ಪತ್ರವನ್ನು ಯಾರಿಗೂ ರವಾನಿಸಬೇಡಿ. ಆದೇಶ ಮಾಡಿ, ಅದರ ನಂಬರು ಮತ್ತು ತಾರೀಖು ತಿಳಿಸಿ. ನಮ್ಮ ಜಿಲ್ಲಾಸ್ಪತ್ರೆಗೆ ನಾನೇ ಹೋಗಿ ಕೇಳಿ ನೋಡುತ್ತೇನೆ.

ಇಂತಿ,
ತಮ್ಮನನ್ನು ಕಳೆದುಕೊಂಡ ಒಬ್ಬ ಅಕ್ಕ