ಕೊನೆಯ ಹೆರಿಗೆ ಹೇಗಾಯಿತು?

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಿಡುತ್ತಿಲ್ಲ. ಅಡಿಕೆಗೆ ಕೊಳೆ ಬಂದೀತೆಂದು ನಿನ್ನ ದೊಡ್ಡಪ್ಪನಿಗೆ ಹಗಲೂ ಇರುಳೂ ಅದೇ ಧ್ಯಾನ. ಮೊನ್ನೆ ಫೋನಿನಲ್ಲಿ ನೀನು, "ಪುಸ್ತಕದಲ್ಲಿ ಎಲ್ಲವೂ ಇದೆ ದೊಡ್ಡಮ್ಮ, ರೋಗಿ ಎದುರು ಕುಳಿತರೆ ಒಂದೂ ನೆನಪಾಗುವುದಿಲ್ಲ" ಎಂದೆಯಲ್ಲ, ಅದು ಮನಸ್ಸಿನಲ್ಲೇ ಉಳಿದಿತ್ತು. ನಾನು ನಿನ್ನ ಹಾಗೆ ಹಾರ್ಮೋನು ಗ್ರಂಥಿಗಳ ತಜ್ಞೆಯಾಗಲು ಓದಿದವಳಲ್ಲ. ತಾಲ್ಲೂಕು ಊರಿನಲ್ಲಿ ಮೂವತ್ತನಾಲ್ಕು ವರ್ಷ ಜ್ವರ, ಸಕ್ಕರೆ, ಬಿಪಿ ನೋಡಿದವಳು. ಆದರೆ ನಿನ್ನ ವಿಭಾಗಕ್ಕೆ ಬರುವ ಅಪರೂಪದ ರೋಗಿಗಳು ಅದಕ್ಕೂ ಮೊದಲು ವರ್ಷಗಟ್ಟಲೆ ಕುಳಿತಿರುವುದು ನನ್ನಂಥವರ ಬೆಂಚಿನ ಮೇಲೆ.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಬಿಳಿಚಿಕೊಂಡ ಮುಖ, ಎಳೆದೆಳೆದು ಆಡುವ ಮಾತು, ಏಪ್ರಿಲ್ ತಿಂಗಳ ಸೆಕೆಯಲ್ಲೂ ಮೈತುಂಬ ಶಾಲು. ಅದುವರೆಗೆ ನೋಡಿದವರೆಲ್ಲ ರಕ್ತ ಕಡಿಮೆಯೆಂದು ಕಬ್ಬಿಣದ ಟಾನಿಕ್ ಬರೆದಿದ್ದರು. ನನಗೆ ಥೈರಾಯ್ಡ್ ಹೊಳೆಯಿತು. ಹೊಳೆದದ್ದಕ್ಕೆ ಸ್ವಲ್ಪ ಜಂಬವೂ ಬಂತು. ರಕ್ತವನ್ನು ದೊಡ್ಡ ಊರಿನ ಲ್ಯಾಬಿಗೆ ಕಳಿಸಿದೆ. ಥೈರಾಯ್ಡ್ ಸುರಿಸುವ ಹಾರ್ಮೋನು ಟಿ4 ತೀರಾ ಕಡಿಮೆ, ಥೈರಾಯ್ಡನ್ನು ಎಬ್ಬಿಸುವ ಹಾರ್ಮೋನು ಟಿಎಸ್‌ಎಚ್ ಮಾತ್ರ ಸರಿಯಾಗಿಯೇ ಇತ್ತು. ಟಿ4 ಇಷ್ಟು ಇಳಿದರೆ ಟಿಎಸ್‌ಎಚ್ ಏರಬೇಕಿತ್ತು. ಏಕೆ ಏರಲಿಲ್ಲ ಎಂದು ಕೇಳಿಕೊಳ್ಳುವುದನ್ನು ಬಿಟ್ಟು, ಲ್ಯಾಬಿನವರೇ ಎಡವಿರಬೇಕು ಎಂದುಕೊಂಡು ಥೈರಾಯ್ಡ್ ಹಾರ್ಮೋನಿನ ಮಾತ್ರೆ ಥೈರಾಕ್ಸಿನ್ ಬರೆದುಕೊಟ್ಟೆ.

ಹತ್ತನೆಯ ದಿನ ಆಕೆಯನ್ನು ಎತ್ತಿಕೊಂಡೇ ಬಂದರು. ವಾಂತಿ, ಅರೆಪ್ರಜ್ಞೆ, ಬಿಪಿ ಎಪ್ಪತ್ತು, ಸಕ್ಕರೆ ನಲವತ್ತೆರಡು, ರಕ್ತದ ಸೋಡಿಯಂ 112, ಮೂರೂ ಅಪಾಯದಷ್ಟು ಕಡಿಮೆ. ಕೈಕಾಲು ಆಡದೆ ನನ್ನ ಗುರುಗಳಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೊನೆಯ ಹೆರಿಗೆ ಹೇಗಾಯಿತು?" ನಾನು ಕೇಳಿಯೇ ಇರಲಿಲ್ಲ. ಹೊರಗೆ ಕುಳಿತಿದ್ದ ಅತ್ತೆಯನ್ನು ಕೇಳಿದೆ. ಹನ್ನೊಂದು ವರ್ಷದ ಹಿಂದೆ ಮನೆಯಲ್ಲೇ ಹೆರಿಗೆಯಂತೆ. ಕಸ (ಮಾಸು) ಬೀಳದೆ ನೆತ್ತರು ಹರಿದು, ಬಾಣಂತಿ ಉಳಿಯುವುದಿಲ್ಲವೆಂದೇ ಅಂದುಕೊಂಡಿದ್ದರಂತೆ. "ಎದೆಯಲ್ಲಿ ಒಂದು ತೊಟ್ಟು ಹಾಲು ಬರಲಿಲ್ಲ, ಹಸುವಿನ ಹಾಲಲ್ಲೇ ಮಗು ಬೆಳೆಯಿತು. ಆಮೇಲೆ ಇವಳು ಹೊರಗಾಗಲೇ ಇಲ್ಲ. ಮಕ್ಕಳು ಸಾಕಾಗಿದ್ದವು, ನಾವೂ ಸುಮ್ಮನಾದೆವು" ಎಂದರು ಆ ಮುದುಕಿ. ಇಡೀ ರೋಗನಿರ್ಣಯ ಮೂರು ವಾಕ್ಯದಲ್ಲಿತ್ತು, ಬಾಗಿಲಾಚೆ ಹತ್ತು ದಿನದಿಂದ ಕಾಯುತ್ತಿತ್ತು.

ಗ್ಲಾಸ್ಗೋದ ಹೆರಿಗೆ ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞರಾಗಿದ್ದ ಹೆರಾಲ್ಡ್ ಶೀಹನ್ 1937ರಲ್ಲಿ ವಿವರಿಸಿದ ರೋಗ ಇದು ಎಂದು ನಿನಗೆ ಹೇಳಬೇಕಾಗಿಲ್ಲ. ಉಳಿದ ಗ್ರಂಥಿಗಳನ್ನು ನಡೆಸುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬಸುರಿನಲ್ಲಿ ಹಿಗ್ಗುತ್ತದೆ, ಅದಕ್ಕೆ ಬರುವ ರಕ್ತದ ಒತ್ತಡವೋ ಮೊದಲೇ ಕಡಿಮೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದರೆ ಗ್ರಂಥಿ ಅಲ್ಲೇ ಸಾಯುತ್ತದೆ. ಥೈರಾಯ್ಡನ್ನು ಎಬ್ಬಿಸುವವರೂ ಇಲ್ಲ, ಮೂತ್ರಪಿಂಡದ ಮೇಲೆ ಕುಳಿತ ಅಡ್ರೀನಲ್ಲನ್ನು ಎಬ್ಬಿಸುವವರೂ ಇಲ್ಲ. ಅಂಥ ದೇಹ ಹೇಗೋ ನಿಧಾನಗತಿಯಲ್ಲಿ, ಅಡ್ರೀನಲ್ಲಿನ ಹಾರ್ಮೋನು ಕಾರ್ಟಿಸಾಲ್ ಇದ್ದಷ್ಟರಲ್ಲೇ ದಿನ ದೂಡುತ್ತಿರುತ್ತದೆ. ನಾನು ಥೈರಾಕ್ಸಿನ್ ಕೊಟ್ಟು ಗತಿ ಏರಿಸಿದೆ. ಇದ್ದ ಚೂರುಪಾರು ಕಾರ್ಟಿಸಾಲೂ ಬೇಗ ಖರ್ಚಾಗಿಹೋಯಿತು. ಮೊದಲು ಹೈಡ್ರೋಕಾರ್ಟಿಸೋನ್ (ಔಷಧರೂಪದ ಕಾರ್ಟಿಸಾಲ್), ಕೆಲವು ದಿನ ಕಳೆದ ಮೇಲೆ ಥೈರಾಕ್ಸಿನ್. ಪರೀಕ್ಷೆಯಲ್ಲಿ ನಾನು ಸರಿಯಾಗಿಯೇ ಬರೆದಿದ್ದೆ, ರೋಗಿಯ ಮೇಲೆ ತಿರುಗುಮುರುಗು ಮಾಡಿದೆ.

ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟು, ಸಲೈನ್, ಗ್ಲೂಕೋಸ್ ಹಾಕಿದೆವು. ಮರುದಿನ ಬೆಳಿಗ್ಗೆ ಆಕೆ ಎದ್ದು ಕುಳಿತು ಕಾಫಿ ಕೇಳಿದಳು. ಅಂದು ನನಗೆ ತಿಳಿಯದೇ ಇದ್ದ ಒಂದು ಅಪಾಯವನ್ನೂ ಹೇಳಿಬಿಡುತ್ತೇನೆ. ಕಾರ್ಟಿಸಾಲ್ ಸಿಕ್ಕ ಕೂಡಲೇ ಮೂತ್ರಪಿಂಡ ಹಿಡಿದಿಟ್ಟ ನೀರನ್ನೆಲ್ಲ ಬಿಟ್ಟುಬಿಡುತ್ತದೆ, ಸೋಡಿಯಂ ಸರ್ರನೆ ಮೇಲೇರುತ್ತದೆ. ಅತಿ ವೇಗವಾಗಿ ಏರಿದರೆ ಮೆದುಳಿಗೆ ಪೆಟ್ಟು. ಆದ್ದರಿಂದ ಚುಚ್ಚುಮದ್ದು ಕೊಟ್ಟು ನಿಶ್ಚಿಂತೆಯಿಂದ ಮಲಗಬೇಡ, ಕೆಲವು ಗಂಟೆಗೊಮ್ಮೆ ಸೋಡಿಯಂ ನೋಡುತ್ತಿರು. ನಮ್ಮ ಲ್ಯಾಬ್ ಆಗ ಸಂಜೆ ಐದಕ್ಕೆ ಮುಚ್ಚುತ್ತಿತ್ತು. ಆಕೆ ಬದುಕಿದ್ದು ಆಕೆಯ ಪುಣ್ಯದಿಂದ.

ಅಂದಿನಿಂದ ಸುಸ್ತು ಎಂದು ಬರುವ ಪ್ರತಿ ತಾಯಿಗೂ ಹಾಲು ಬಂದಿತ್ತೇ, ಮತ್ತೆ ಮುಟ್ಟಾದಿರಾ, ಕಂಕುಳ ಕೂದಲು ಉದುರಿದೆಯೇ ಎಂದು ಕೇಳುತ್ತೇನೆ. ಮೂರನೆಯ ಪ್ರಶ್ನೆಗೆ ಎಲ್ಲರೂ ನಾಚುತ್ತಾರೆ. ಗಂಡನನ್ನು ಹೊರಗೆ ಕಳಿಸಿ ಕೇಳು.

ನಿನ್ನ ವಿಷಯದಲ್ಲಿ ಹಿಂದು ಮುಂದಾದರೆ ಪ್ರಾಣಕ್ಕೇ ಬರುವ ಜಾಗಗಳು ಇನ್ನೂ ಇವೆ. ಫಿಯೋಕ್ರೋಮೋಸೈಟೋಮಾ, ಅಂದರೆ ಅಡ್ರೀನಲಿನ್‌ನಂಥ ಹಾರ್ಮೋನು ಸುರಿಸುವ ಅಡ್ರೀನಲ್ ಗಡ್ಡೆ, ನಾನು ವೃತ್ತಿಯಲ್ಲಿ ಕಂಡದ್ದು ಎರಡೇ. ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆ ಡವಡವ, ಅಳತೆ ಮೀರಿ ಏರಿದ ಬಿಪಿ. ಎದೆ ಹೊಡೆದುಕೊಳ್ಳುತ್ತಿದೆಯೆಂದು ಮರುಕಪಟ್ಟು ಎದೆಬಡಿತ ಇಳಿಸುವ ಬೀಟಾ ಬ್ಲಾಕರ್ ಮೊದಲು ಕೊಟ್ಟರೆ ರಕ್ತನಾಳಗಳು ಇನ್ನಷ್ಟು ಬಿಗಿದು ಬಿಪಿ ಆಕಾಶಕ್ಕೇರುತ್ತದೆ. ಮೊದಲು ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್, ಜೊತೆಗೆ ನೀರು, ಉಪ್ಪು, ಬೇಕೆನಿಸಿದರೆ ಆಮೇಲೆ ಬೀಟಾ.

ಸ್ಕ್ಯಾನಿನ ವಿಷಯ. ಈಗಿನವರು ನನ್ನ ಮೇಲೆ ಸಿಟ್ಟಾಗುತ್ತಾರೆ, ಆಗಲಿ. ತಲೆನೋವೆಂದರೆ ಎಂಆರ್‌ಐ, ಪಿಟ್ಯುಟರಿಯಲ್ಲಿ ಮೂರು ಮಿಲಿಮೀಟರಿನ ಚುಕ್ಕೆ ಕಂಡರೆ ಗಡ್ಡೆ, ಗಡ್ಡೆಯೆಂದರೆ ಮನೆಮಂದಿಯೆಲ್ಲ ಅಳು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ! ಏನೂ ತೊಂದರೆ ಇಲ್ಲದವರ ಪಿಟ್ಯುಟರಿಯಲ್ಲೂ ಅಡ್ರೀನಲ್‌ನಲ್ಲೂ ಇಂಥ ಚುಕ್ಕೆಗಳು ಬೇಕಾದಷ್ಟು ಸಿಗುತ್ತವೆ. ಹಾರ್ಮೋನು ಹೆಚ್ಚಿದೆ ಅಥವಾ ಕಡಿಮೆಯಿದೆ ಎಂದು ರಕ್ತವೋ ಮೂತ್ರವೋ ಹೇಳಿದ ಮೇಲೆ ಚಿತ್ರ ತೆಗೆಸು. ಆ ರಕ್ತಕ್ಕಿಂತಲೂ ಮೊದಲು ರೋಗಿಯ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತರಿಸು. ಹಾಲೂಡಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಏರಿದೆಯೆಂದು ಗಾಬರಿಯಾದ ಹುಡುಗಿಯ ಚೀಲದಲ್ಲಿ ಗ್ಯಾಸಿಗೆಂದು ನುಂಗುವ ಡೊಂಪೆರಿಡೋನ್ ಇರುತ್ತದೆ, ಏರಿಸಿದ್ದು ಅದೇ. ದುಂಡು ಮುಖ, ಹೊಟ್ಟೆಯ ಮೇಲೆ ನೇರಳೆ ಗೆರೆ, ನೆಲದಿಂದ ಏಳಲಾರದ ತೊಡೆ, ಎಲ್ಲವೂ ಕಾರ್ಟಿಸಾಲ್ ಹೆಚ್ಚಾದಾಗ ಬರುವ ಕುಷಿಂಗ್‌ನ ಲಕ್ಷಣವೇ. ಆದರೆ ನಮ್ಮ ಕಡೆ ಅದರ ಮೂಲ ಹೆಚ್ಚಾಗಿ ಮಂಡಿನೋವಿಗೆಂದು ಕಾಗದದಲ್ಲಿ ಕಟ್ಟಿಕೊಟ್ಟ ಹೆಸರಿಲ್ಲದ ಪುಡಿ, ಅಥವಾ ಅಂಗಡಿಯವನೇ ಕೊಡುವ ಸಣ್ಣ ಬಿಳಿ ಮಾತ್ರೆ. ಒಳಗಿರುವುದು ಕಾರ್ಟಿಸಾಲಿನಂತೆ ಕೆಲಸ ಮಾಡುವ ಸ್ಟೀರಾಯ್ಡ್, ಅದು ಸಿಗುತ್ತಿದ್ದರೆ ಅಡ್ರೀನಲ್ ಮಲಗಿಬಿಡುತ್ತದೆ. ಅಂಥವರ ಕಾರ್ಟಿಸಾಲ್ ಅಳೆದರೆ ಏರಿರುವುದಿಲ್ಲ, ನೆಲ ಕಚ್ಚಿರುತ್ತದೆ. ಅದು ವಿಷ, ನಾಳೆಯಿಂದ ನಿಲ್ಲಿಸಿ ಎಂದು ಗದರಬೇಡ. ಒಮ್ಮೆಲೇ ನಿಲ್ಲಿಸಿದರೆ ಅಂಥವರಿಗೂ ನನ್ನ ಆ ರೋಗಿಗಾದ ಗತಿಯೇ. ತಿಂಗಳುಗಟ್ಟಲೆ ಇಳಿಸುತ್ತ ಬರಬೇಕು.

ನೀನು ಹೇಳಿದ ಆ ಕಪ್ಪಾದ ರೋಗಿಯ ಬಗ್ಗೆ. ನಮ್ಮ ಜನರ ಮೈಬಣ್ಣದಲ್ಲಿ, ಅಡ್ರೀನಲ್ಲೇ ಹಾಳಾಗುವ ಅಡಿಸನ್ ರೋಗವನ್ನು ಹಿಡಿಯುವುದು ಕಷ್ಟ, ಬಿಸಿಲಿಗೆ ಕಪ್ಪಾದೆ ಎಂದು ಅವರೇ ಹೇಳಿಬಿಡುತ್ತಾರೆ. ಆಧಾರ್ ಕಾರ್ಡಿನ ಫೋಟೊ ಪಕ್ಕದಲ್ಲಿಟ್ಟು ನೋಡು. ಬಾಯಿ ತೆರೆಸಿ ಕೆನ್ನೆಯ ಒಳಭಾಗ, ಒಸಡು ನೋಡು, ಅಂಗೈ ಗೆರೆ ನೋಡು. ಅಲ್ಲೆಲ್ಲ ಬಿಸಿಲು ಬೀಳುವುದಿಲ್ಲವಲ್ಲ. ಈ ರೋಗದಲ್ಲಿ ಉಪ್ಪಿನ ಆಸೆ ಹೆಚ್ಚು, ಉಪ್ಪಿನಕಾಯಿಯನ್ನು ಬರಿದೇ ತಿನ್ನುತ್ತಾರೆಯೇ ಎಂದು ಹೆಂಡತಿಯನ್ನು ಕೇಳು. ಶೀಹನ್‌ನಲ್ಲಿ ಬಿಳಿಚಿಕೊಳ್ಳುತ್ತಾರೆ, ಇಲ್ಲಿ ಕಪ್ಪಾಗುತ್ತಾರೆ. ಅಡ್ರೀನಲ್ಲನ್ನು ಎಬ್ಬಿಸುವ, ಹೆಚ್ಚಾದರೆ ಚರ್ಮವನ್ನು ಕಪ್ಪಾಗಿಸುವ ಪಿಟ್ಯುಟರಿಯ ಹಾರ್ಮೋನು ಎಸಿಟಿಎಚ್ ಅಲ್ಲಿ ಇಲ್ಲ, ಇಲ್ಲಿ ಉಕ್ಕಿ ಹರಿಯುತ್ತಿದೆ. ಥಾಮಸ್ ಅಡಿಸನ್ 1855ರಲ್ಲಿ ಲಂಡನ್ನಿನಲ್ಲಿ ಬರೆದ ರೋಗಿಗಳಲ್ಲಿ ಹಲವರ ಅಡ್ರೀನಲ್ ತಿಂದಿದ್ದು ಕ್ಷಯ. ನಮ್ಮಲ್ಲಿ ಕ್ಷಯ ಇಂದಿಗೂ ಆ ಪಟ್ಟಿಯಲ್ಲಿ ಮುಂದೆಯೇ ಇದೆ.

ಕ್ಷಯದ ಮಾತ್ರೆ ಶುರುವಾದ ಮೇಲೆ ಆತ ಇನ್ನೂ ಸೊರಗಿದ ಎಂದು ನಿನಗೆ ಆಶ್ಚರ್ಯವಾಗಿತ್ತಲ್ಲ. ಆ ಮಾತ್ರೆಗಳಲ್ಲೊಂದಾದ ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ ಸ್ಟೀರಾಯ್ಡನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ನೀವು ಕೊಡುವ ಹೈಡ್ರೋಕಾರ್ಟಿಸೋನ್ ಅರ್ಧ ದಿನಕ್ಕೂ ಸಾಲುತ್ತಿರಲಿಲ್ಲ. ಫೋನಿಟ್ಟ ಮೇಲೆ ಪ್ರಮಾಣ ಏರಿಸಿದಿರೆಂದು ತಿಳಿದು ಸಮಾಧಾನವಾಯಿತು. ಕ್ಷಯದ ಚಿಕಿತ್ಸೆ ಮುಗಿದ ಮೇಲೆ ಅದನ್ನು ಮತ್ತೆ ಇಳಿಸಬೇಕು. ಚಿಕಿತ್ಸೆ ಮುಗಿಯುವ ದಿನಾಂಕವನ್ನು ಈಗಲೇ ಕಡತದ ಮೇಲೆ ಬರೆದಿಡು, ಅಷ್ಟು ಹೊತ್ತಿಗೆ ನಿನ್ನ ಪಾಳಿ ಬೇರೆಡೆಗೆ ಬದಲಾಗಿರುತ್ತದೆ.

ಇನ್ನೊಂದು ಕೆಲಸವಿದೆ, ದೊಡ್ಡ ಆಸ್ಪತ್ರೆಗಳಲ್ಲಿ ಯಾರಿಗೂ ಪುರುಸೊತ್ತಿಲ್ಲದ್ದು. ಬಿಡುಗಡೆ ಚೀಟಿಯ ಇಂಗ್ಲಿಷು ಊರಿನಲ್ಲಿ ಯಾರೂ ಓದುವುದಿಲ್ಲ. ನಾನು ಇಂಥವರಿಗೆ ನೋಟುಪುಸ್ತಕದ ರಟ್ಟಿನ ಮೇಲೆ ಕೆಂಪು ಮಸಿಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ: ಈ ಮಾತ್ರೆ ಒಂದು ದಿನವೂ ತಪ್ಪಬಾರದು, ಉಪವಾಸದ ದಿನವೂ. ಜ್ವರ ಬಂದರೆ ಎರಡು ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ ಈ ಪುಸ್ತಕ ತೋರಿಸಿ, ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಚುಚ್ಚಿಸಿಕೊಳ್ಳಿ. ರೋಗಿಗಷ್ಟೇ ಅಲ್ಲ, ಮನೆಯಲ್ಲಿ ಇನ್ನೊಬ್ಬರಿಗೂ ಓದಿ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸುತ್ತಿದ್ದೆ. ಆ ಹೆಂಗಸಿನ ಮನೆಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದು ಹಸುವಿನ ಹಾಲಲ್ಲಿ ಬೆಳೆದ ಆ ಮಗಳು. ಎರಡು ಸಲ ಮಧ್ಯರಾತ್ರಿ ಅಮ್ಮನನ್ನು ಆಟೋದಲ್ಲಿ ಹಾಕಿಕೊಂಡು ಬಂದು, ಡ್ಯೂಟಿಯಲ್ಲಿದ್ದ ಹೊಸ ವೈದ್ಯನಿಗೆ ಪುಸ್ತಕದ ರಟ್ಟು ತೋರಿಸಿ ಜಗಳವಾಡಿ ಇಂಜೆಕ್ಷನ್ ಕೊಡಿಸಿದಳು. ತಾಯಿ ಈಗ ಎಪ್ಪತ್ತು ದಾಟಿದ್ದಾಳೆ. ಮೊನ್ನೆ ಸಂತೆಯಲ್ಲಿ ಸಿಕ್ಕಳು, ಶಾಲು ಇರಲಿಲ್ಲ.

ದೀಪಾವಳಿಗೆ ರಜೆ ಸಿಕ್ಕರೆ ಬಾ. ಹಪ್ಪಳ, ಸಂಡಿಗೆ ಕಟ್ಟಿಟ್ಟಿದ್ದೇನೆ.

ಇಂತಿ ನಿನ್ನ
ದೊಡ್ಡಮ್ಮ